ವರದರಾಜ ಸಪ್ತಾಹ

ರಘೂತ್ತಮರಾಯರಿಗೆ ಇಂಗಿನ ವಾಸನೆ ಬಂದರೆ ಬಾಯಲ್ಲಿ ನೀರೂರುವುದಿಲ್ಲ. ‘ಹಾಗಾದರೆ ಕಳ್ಳ ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಅರುವತ್ತು ದಾಟಿದ ಗೃಹಸ್ಥರು ಸಾರಿನ ತಟ್ಟೆಯ ಮುಂದೆ ಕೂತು ಕಳ್ಳನ ಧ್ಯಾನ ಮಾಡುವುದು ಲಕ್ಷಣವಲ್ಲವೆಂದು ಅವರ ಪತ್ನಿ ನಾಗರತ್ನಮ್ಮ ದಿನವೂ ಹೇಳುತ್ತ ಬಂದಿದ್ದಾರೆ. ಆದರೆ ಇದರಲ್ಲಿ ರಾಯರ ತಪ್ಪೇನೂ ಇಲ್ಲ. ತಪ್ಪು ಅವರ ಅಜ್ಜಿಯದು.

ನಂಜನಗೂಡಿನ ಮಠದ ಬೀದಿಯ ಆ ಮನೆಯಲ್ಲಿ ಅಡಿಗೆಮನೆಯ ಮೇಲೊಂದು ಅಟ್ಟ. ಅಟ್ಟದಲ್ಲಿ ಹುಣಿಸೆಹಣ್ಣಿನ ಗಡಿಗೆ, ಸಂಡಿಗೆಯ ಡಬ್ಬ, ಮತ್ತೆ ಮುಚ್ಚಳ ಹಾಕಿದರೂ ಸುಮ್ಮನಿರದ ಇಂಗಿನ ಡಬ್ಬಿ. ಬೇಸಿಗೆ ರಜೆಯಲ್ಲಿ ಬಾಲಕ ರಘೂತ್ತಮ ಆ ಡಬ್ಬಿಯ ಪಕ್ಕದಲ್ಲಿ ಮುದುಡಿ ಕೂತು ಒಂದು ಪುಸ್ತಕ ಓದಿದ. ಯಾರದೋ ಮದುವೆಗೆ ಬಂದ ನೆಂಟರು ಬಿಟ್ಟುಹೋದ ಪುಸ್ತಕ. ರಟ್ಟು ಇರಲಿಲ್ಲ. ಹೆಸರಿನ ಪುಟ ಇರಲಿಲ್ಲ. ಬರೆದವರು ಯಾರೆಂದು ದೇವರಿಗೂ ತಿಳಿಯದು. ಒಳಗೆ ಮಾತ್ರ ಎಲ್ಲ ಇತ್ತು. ಒಬ್ಬ ಸಾಹುಕಾರರ ಮನೆ, ಮದುವೆಯ ಹಿಂದಿನ ದಿನ ಮಾಯವಾದ ಮದುಮಗಳ ಸೊಂಟದ ಚಿನ್ನದ ಡಾಬು, ಅದನ್ನು ಹುಡುಕಲು ಬಂದು ಸೀಬೆಹಣ್ಣು ಕಚ್ಚುತ್ತ ಯೋಚಿಸುವ ಪತ್ತೇದಾರ ವರದರಾಜ. ಅನುಮಾನಕ್ಕೆ ಅಡಿಗೆಯವನು, ಡಾಕ್ಟರು, ಹಾಲಿನವಳು, ಪೊಲೀಸು ಪೇದೆ. ಮೂಲೆಯಲ್ಲಿ ಜಪಸರ ಹಿಡಿದ, ಕಣ್ಣು ಮಂಜಾದ ಒಬ್ಬಳು ಅಜ್ಜಿಯೂ ಇದ್ದಳು, ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಏಳನೆಯ ಅಧ್ಯಾಯದಲ್ಲಿ ವರದರಾಜ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ‘ಮಹನೀಯರೇ, ಡಾಬನ್ನು ತೆಗೆದ ಕೈ ಇದೇ ಕೋಣೆಯಲ್ಲಿದೆ. ಅದು ಯಾರ ಕೈಯೆಂದರೆ’ ಎಂದು ಬೆರಳೆತ್ತುತ್ತಾನೆ. ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಹಾಳೆಗಳನ್ನು ಹರಿದು ಅವುಗಳಲ್ಲಿ ರಘೂತ್ತಮನ ಅಜ್ಜಿ, ತಲಕಾಡಿಗೆ ಹೊರಟಿದ್ದ ತನ್ನ ತಂಗಿಗೆ ಇಂಗು ಕಟ್ಟಿಕೊಟ್ಟಿದ್ದಳು.

“ಅಜ್ಜೀ! ಕಳ್ಳ ಯಾರು ಅಂತ ಆ ಹಾಳೇಲಿತ್ತು!” ಎಂದು ಹುಡುಗ ಅತ್ತ.

“ಕಳ್ಳನ್ನ ಕಟ್ಟಿ ಕಳಿಸಿದ್ದಾಯ್ತಲ್ಲೋ, ಇನ್ಯಾಕೆ ಅಳ್ತೀ? ಹೋಗಿ ಕೈಕಾಲು ತೊಳಕೋ” ಎಂದಳು ಅಜ್ಜಿ.

ಅಂದಿನಿಂದ ಇಂದಿನವರೆಗೆ ರಾಯರಿಗೆ ಆ ಪುಸ್ತಕಕ್ಕಿಂತ ಪ್ರಿಯವಾದದ್ದು ಸಿಕ್ಕಿಲ್ಲ. ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಅವರಿಗೆ ಇದ್ದ ಕೆಲಸ ಒಂದೇ. ಆ ಪುಸ್ತಕವನ್ನು ಇನ್ನೊಬ್ಬರಿಗೆ ಓದಿಸುವುದು. ತಾವು ನಕ್ಕ ಕಡೆ ಇನ್ನೊಬ್ಬರೂ ನಗುವುದನ್ನು ನೋಡದೆ ಅವರಿಗೆ ಓದಿದ್ದು ಅರಗುತ್ತಿರಲಿಲ್ಲ. ಹಾಗೆಂದು ಪುಸ್ತಕ ಕೊಟ್ಟು ಸುಮ್ಮನಿರುವ ಜಾತಿಯವರೂ ಅಲ್ಲ. ಮಾರನೆಯ ಬೆಳಿಗ್ಗೆಯೇ ಹೋಗಿ ಎದುರು ಕುರ್ಚಿ ಎಳೆದುಕೊಂಡು ಕೂರುವರು.

ಎದುರುಮನೆಯ ಸುಬ್ರಹ್ಮಣ್ಯ ಅದನ್ನು ಅನುಭವಿಸಿದವರು.

“ಎಲ್ಲಿಗೆ ಬಂತು?”

“ಈಗ ತಾನೆ ಶುರು ಮಾಡಿದ್ದೀನಿ ರಾಯರೇ.”

“ವರದರಾಜ ಬಾವಿಗೆ ಇಣುಕಿ ನೋಡ್ತಾನಲ್ಲ, ಅಲ್ಲಿಗೆ ಬಂದ್ರಾ?”

“ಇಲ್ಲ.”

“ಇಣುಕಿದಾಗ ಸೀಬೆಹಣ್ಣು ಬಾವಿಗೆ ಬೀಳತ್ತೆ! ಹಹ್ಹಾ! ಓದಿ, ಓದಿ. ನಾನೇನೂ ಹೇಳೋದಿಲ್ಲ.”

ಹೀಗೆ ಏನೂ ಹೇಳದೆ ರಾಯರು ನಾಲ್ಕು ಅಧ್ಯಾಯ ಹೇಳಿ ಮುಗಿಸಿದ ಮೇಲೆ ಸುಬ್ರಹ್ಮಣ್ಯ ಕಣ್ಣುನೋವೆಂದು ಪುಸ್ತಕ ಹಿಂತಿರುಗಿಸಿದರು. ಮಠದ ಬೀದಿಯಲ್ಲಿ ಆ ಪುಸ್ತಕ ಹಿಡಿಯದ ಮನೆ ಇಲ್ಲ, ಮುಗಿಸಿದ ಮನೆಯೂ ಇಲ್ಲ. ರಾಯರು ಮುಗಿಸಲು ಬಿಟ್ಟಿದ್ದರಲ್ಲವೇ! ಆದ್ದರಿಂದ ಕೊನೆಯ ಹಾಳೆಗಳಿಲ್ಲವೆಂಬ ಸಂಗತಿ ಬೀದಿಗೆ ತಿಳಿಯಲೇ ಇಲ್ಲ. ಯಾರಾದರೂ ಕೊನೆ ಹೇಗಿದೆಯೆಂದು ಕೇಳಿದರೆ ರಾಯರು ಕಣ್ಣು ಅರ್ಧ ಮುಚ್ಚಿ, “ಕೊನೇನಾ? ಕೊನೆ ಅಂದ್ರೆ ಅದು ಕೊನೆ!” ಎನ್ನುತ್ತಿದ್ದರು. ಕೇಳಿದವರಿಗೆ ರಾಯರ ರಸಿಕತೆಯ ಬಗ್ಗೆ ಗೌರವ ಹುಟ್ಟುತ್ತಿತ್ತು.

ಇದೇ ಸಣ್ಣ ಒಣಜಂಬ ಮುಂದಿನದಕ್ಕೆಲ್ಲ ಕಾರಣವಾಯಿತು.

ರಾಯರ ಮಗಳು ಮೈತ್ರೇಯಿಯನ್ನು ಕೊಟ್ಟಿರುವುದು ತಿರುಮಕೂಡಲು ನರಸೀಪುರಕ್ಕೆ. ಅವಳ ಅತ್ತೆ ಜಲಜಮ್ಮ ಅರ್ಚಕರ ಮನೆಯ ಹೆಣ್ಣು. ನಿಷ್ಠೆಯವರು, ಮಾತು ಕಡಿಮೆ. ಅವರಿಗೆ ಕಣ್ಣಿನ ಪೊರೆ ತೆಗೆದು ಕಪ್ಪು ಕನ್ನಡಕ ಹಾಕಿದ್ದರು. ಓದುವಂತಿಲ್ಲ, ಟೀವಿ ನೋಡುವಂತಿಲ್ಲ, ಬಗ್ಗುವಂತಿಲ್ಲ. ಮಗ ಸೊಸೆ ಇಬ್ಬರೂ ಪಾಠ ಮಾಡಲು ಶಾಲೆಗೆ ಹೋದರೆ ಸಂಜೆಯವರೆಗೆ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆಂದು ಮಗಳು ಫೋನಿನಲ್ಲಿ ಹೇಳಿದ ಕೂಡಲೇ ರಾಯರಿಗೆ ಏನು ಮಾಡಬೇಕೆಂದು ಹೊಳೆಯಿತು. ಇಂಗಿನ ಕಮಟು ಇನ್ನೂ ಬಿಡದಿದ್ದ ಪುಸ್ತಕವನ್ನು ತೆಗೆದರು. ಬರಿದಾಗಿ ಒಯ್ಯುವುದು ಬೇಡವೆಂದು ನಾಗರತ್ನಮ್ಮ ಕೈಗೆ ಸಿಕ್ಕಿದ ಕೆಂಪು ರವಿಕೆ ಕಣದಲ್ಲಿ ಸುತ್ತಿಕೊಟ್ಟರು. ಜೊತೆಗೆ ಒಂದು ಚಿಪ್ಪು ರಸಬಾಳೆ.

ನರಸೀಪುರದ ಮನೆಯ ನಡುಮನೆಯಲ್ಲಿ ಕೆಂಪು ಗಂಟನ್ನು ಜಲಜಮ್ಮನವರ ಕೈಗೆ ಇಡುವಾಗ ರಾಯರು ದೇವರ ಮನೆಯ ಕಡೆ ನೋಡಿದರು. ಅಲ್ಲಿಂದ ಗಂಧದ ಪರಿಮಳ ಬರುತ್ತಿರುವಾಗ, ‘ಬೀಗಿತ್ತಿ, ಇದು ಡಾಬು ಕದ್ದವರ ಕಥೆ’ ಎಂದು ಹೇಗೆ ಹೇಳುವುದು?

“ಇದು... ಒಂದು ಒಳ್ಳೇ ಪುಸ್ತಕ ಜಲಜಮ್ಮನವರೇ. ಏಳು ಅಧ್ಯಾಯ. ದಿನಕ್ಕೊಂದರಂತೆ ಯಾರ ಕೈಲಾದರೂ ಓದಿಸಿ ಕೇಳಿ. ಮನಸ್ಸಿನ ಭಾರ ಇಳಿಯತ್ತೆ. ನಮ್ಮನೇಲಿ ಅಜ್ಜಿ ಕಾಲದಿಂದ ಇರೋದು.”

“ಯಾರ ಮಹಿಮೆ ಬೀಗರೇ?”

“ವರದರಾಜನದು” ಎಂದರು ರಾಯರು. ಅದು ಸುಳ್ಳಲ್ಲ.

ಜಲಜಮ್ಮ ಗಂಟನ್ನು ಎರಡೂ ಕಣ್ಣಿಗೆ, ಅಂದರೆ ಕಪ್ಪು ಕನ್ನಡಕಕ್ಕೆ ಒತ್ತಿಕೊಂಡು, ಗೋಡೆ ಹಿಡಿದು ನಡೆದುಹೋಗಿ ದೇವರ ಮಂಟಪದ ಮುಂದೆ ಇಟ್ಟು ಬಂದರು. ತಡೆಯಲು ರಾಯರ ಕೈ ಮೇಲೆದ್ದಿತು. ಆ ಕೈಗೆ ಮೈತ್ರೇಯಿ ಕಾಫಿ ಲೋಟ ಕೊಟ್ಟಳು.

ಓದುವುದಕ್ಕೆ ಪಕ್ಕದ ಮನೆಯ ಮಹಾದೇವಸ್ವಾಮಿ ಮೇಷ್ಟ್ರು ಒಪ್ಪಿದ್ದರು. ನಿವೃತ್ತರಾದ ಮೇಲೂ ಅವರ ಗಂಟಲು ನಿವೃತ್ತವಾಗಿರಲಿಲ್ಲ, ಅವರು ಮನೆಯಲ್ಲಿ ಪೇಪರ್ ಓದಿದರೆ ಬಸ್‌ಸ್ಟ್ಯಾಂಡಿಗೆ ಸುದ್ದಿ ಮುಟ್ಟುತ್ತಿತ್ತು. ಅಂಥವರು ಎದುರಿಗೆ ನಿಂತು, “ಮುಕ್ತಾಯ ಹೇಗೆ ರಾಯರೇ? ಚೆನ್ನಾಗದೆಯೋ?” ಎಂದು ಕೇಳಿದರು. ಅಭ್ಯಾಸಬಲ, ರಾಯರು ಕಣ್ಣು ಅರ್ಧ ಮುಚ್ಚಿದರು.

“ಮುಕ್ತಾಯಾನೇ? ನನಗೆ ಬಾಯಿಪಾಠ ಆಗಿದೆ ಮೇಷ್ಟ್ರೇ!”

ಇದು ಸುಳ್ಳು. ಆದರೆ ಎರಡನೆಯ ಅಧ್ಯಾಯ ದಾಟಿ ಓದಿದವರನ್ನು ರಾಯರು ಕಂಡಿರಲಿಲ್ಲ. ನಿಶ್ಚಿಂತೆಯಿಂದ ನಂಜನಗೂಡಿನ ಬಸ್ಸು ಹತ್ತಿದರು. ಮಾರನೆಯ ಬೆಳಿಗ್ಗೆಯೇ ಎದುರು ಕೂತು ‘ಎಲ್ಲಿಗೆ ಬಂತು?’ ಎಂದು ವಿಚಾರಿಸುವುದು ಸಾಧ್ಯವಿಲ್ಲವಲ್ಲ ಎಂಬುದೊಂದೇ ಕೊರಗು.

ಎರಡು ದಿನ ಬಿಟ್ಟು ಮೈತ್ರೇಯಿಯ ಫೋನು ಬಂತು. ಧ್ವನಿ ವಿಚಿತ್ರವಾಗಿತ್ತು, ನಗು ತಡೆದುಕೊಂಡವರ ಹಾಗೆ.

“ಅಪ್ಪಾ, ನೀವು ಕೊಟ್ಟಿದ್ದು ಏನು ಅಂತ ಅತ್ತೆಗೆ ಯಾಕೆ ಹೇಳಲಿಲ್ಲ?”

“ಹೇಳಿದೆನಲ್ಲಮ್ಮ, ಒಳ್ಳೇ ಪುಸ್ತಕ ಅಂತ.”

“ಅತ್ತೆ ಪಾರಾಯಣ ಅಂದ್ಕೊಂಡು ಸಂಕಲ್ಪ ಮಾಡಿಬಿಟ್ಟಿದ್ದಾರೆ. ಕಣ್ಣು ನಿಚ್ಚಳವಾಗಲಿ ಅಂತ ಸಪ್ತಾಹ. ಮಂಗಳ ಆಗೋವರೆಗೆ ಅನ್ನ ಮುಟ್ಟೋದಿಲ್ಲವಂತೆ, ಬರೀ ಫಲಾಹಾರ. ಹೂವು ಹಾಕಿ, ದೀಪ ಹಚ್ಚಿ, ಬೀದಿ ಹೆಂಗಸರನ್ನೆಲ್ಲ ಕರೆದು ಕೂರಿಸಿದ್ರು. ಮೇಷ್ಟ್ರು ಗಂಟು ಬಿಚ್ಚಿ ಓದಿದರೆ ಮೊದಲನೇ ಸಾಲೇ ‘ಅಯ್ಯೋ, ಡಾಬು ಹೋಯಿತು!’ ಅಂತ.”

ರಾಯರು ಕುರ್ಚಿ ಎಳೆದುಕೊಂಡು ಕೂತರು. “ಆಮೇಲೆ? ನಿಲ್ಲಿಸಿದರು ತಾನೆ?”

“ನಿಲ್ಲಿಸೋಕಾಗತ್ತಾ? ಎಲ್ಲರೂ ಅತ್ತೆ ಮುಖ ನೋಡಿದ್ರು. ಅತ್ತೆ, ‘ಸಂಕಲ್ಪ ಆಗಿಹೋಗಿದೆ. ದೇವರ ಕಥೆಯೋ ಕಳ್ಳನ ಕಥೆಯೋ, ಹಿಡಿದ ಮೇಲೆ ಮಂಗಳ ಆಗಲೇಬೇಕು. ಓದಿ ಮೇಷ್ಟ್ರೇ’ ಅಂದ್ರು. ಅಧ್ಯಾಯ ಮುಗಿದ ಮೇಲೆ ಮಂಗಳಾರತಿಯೂ ಆಯ್ತು, ಕೋಸಂಬರಿಯೂ ಆಯ್ತು.”

ಅಂದಿನಿಂದ ನರಸೀಪುರದ ಸುದ್ದಿ ದಿನವೂ ಫೋನಿನ ಮೇಲೇರಿ ಬರತೊಡಗಿತು. ಕೆಂಪು ಬಟ್ಟೆಯ ಮೇಲೆ ಚೆಂಡುಹೂವಿನ ಹಾರ ಹಾಕಿದ ಚಿತ್ರ, ಕೆಳಗೆ ‘ವರದರಾಜ ಸಪ್ತಾಹ, ಮೂರನೇ ದಿನ, ಎಲ್ಲರಿಗೂ ಸ್ವಾಗತ.’ ವರದರಾಜ ಎಂಬ ಹೆಸರು ಬಂದಾಗಲೆಲ್ಲ ಹಿಂದಿನ ಸಾಲಿನ ಮುದುಕಿಯರು ಕೈಮುಗಿಯುತ್ತಿದ್ದರು. ಆ ಪುಣ್ಯಾತ್ಮ ಸೀಬೆಹಣ್ಣು ತಿನ್ನುತ್ತಾನೆಂದು ಪ್ರಸಾದಕ್ಕೂ ಸೀಬೆಹಣ್ಣೇ ಆಯಿತು. ನಾಲ್ಕನೆಯ ದಿನ ಹೊತ್ತಿಗೆ ನಡುಮನೆ ಸಾಲದೆ ಜಗುಲಿ ತುಂಬಿತು. ಹತ್ತಿರದ ಮೂಗೂರಿನಿಂದ ಒಂದು ಆಟೋ ತುಂಬ ಜನ ಬಂದರು. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಬಾಗಿಲು ಹಾಕಿಕೊಂಡು ಬಂದರು. ಮುಂದಿನ ಪುಟದಲ್ಲಿ ಏನಿದೆಯೆಂದು ನೋಡಿ ಹೇಳಿರೆಂದು ಜನ ಮೇಷ್ಟ್ರನ್ನು ಕಾಡಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. “ಓದೋದಕ್ಕೆ ಮುಂಚೆ ಇಣುಕಿ ನೋಡೋದು ಅಂದ್ರೆ ನೈವೇದ್ಯ ಎಂಜಲು ಮಾಡಿದಂಗೆ ಕಣ್ರಯ್ಯ.”

ಇದನ್ನು ಕೇಳಿದಾಗ ರಾಯರಿಗೆ ಒಂದು ಕ್ಷಣ ಸ್ವರ್ಗವೇ ಸಿಕ್ಕಂತಾಯಿತು. ಒಂದು ಊರಿಗೆ ಊರೇ ಕೂತು ತಮ್ಮ ಪುಸ್ತಕ ಕೇಳುತ್ತಿದೆ! ಬಾವಿಗೆ ಸೀಬೆಹಣ್ಣು ಬಿದ್ದ ಕಡೆ ಹೇಗೆ ನಕ್ಕರೆಂದು ಮಗಳಿಂದ ಮೂರು ಸಲ ಹೇಳಿಸಿಕೊಂಡರು. ಮೂರನೆಯ ಸಲ ಅವರ ನಗು ಅರ್ಧಕ್ಕೇ ನಿಂತಿತು. ಏಳನೆಯ ದಿನದ ನೆನಪಾಗಿತ್ತು.

ಅಷ್ಟರಲ್ಲಿ ಕಥೆ ಊರಿನೊಳಕ್ಕೂ ಇಳಿದಿತ್ತು. ಪುಸ್ತಕದಲ್ಲಿ ಯಾರ ಯಾರ ಮೇಲೆ ಅನುಮಾನವೋ ಆ ಕಸುಬಿನವರೆಲ್ಲ ಕೇಳುವವರಲ್ಲಿ ಒಬ್ಬೊಬ್ಬರಿದ್ದರು. ಹಾಲು ಹಾಕುವ ಸುಬ್ಬಲಕ್ಷ್ಮಮ್ಮ ಐದನೆಯ ಅಧ್ಯಾಯ ಕೇಳಿ ಎದ್ದು ನಿಂತಳಂತೆ. “ಆಲಿನೋಳೇ ಕಳ್ಳಿ ಅಂತ ಆಯ್ತದಾ? ಅಂಗಾದ್ರೆ ನಾಳಿಂದ ಈ ಬೀದಿಗೆ ಆಲಿಲ್ಲ ಕಣ್ರವ್ವ. ಡೈರಿಗೇ ಆಕ್ಕತೀನಿ.” ಹೋಟೆಲಿನ ಚಾಮಯ್ಯ ಅಡಿಗೆಯವನ ಪರ ವಹಿಸಿದರೆ, ಡಾಕ್ಟರು ಬಾಯಿಬಿಟ್ಟು ಏನೂ ಹೇಳದೆ ಎಲ್ಲರ ನಾಡಿಯನ್ನೂ ಸ್ವಲ್ಪ ಗಟ್ಟಿಯಾಗಿ ಹಿಡಿಯತೊಡಗಿದ್ದರು. ಕಾನ್‌ಸ್ಟೇಬಲ್ ಪ್ರೇಮ್‌ಕುಮಾರ್ ಮಾತ್ರ, “ಪೇದೆ ಮೇಲೆ ಬಂದ್ರೆ ಅದು ಡಿಪಾರ್ಟ್‌ಮೆಂಟ್ ಮ್ಯಾಟರ್ರು. ನಾನು ಮೇಲಿನೋರಿಗೆ ತಿಳಿಸ್ಬೇಕಾಗ್ತದೆ” ಎಂದು ಮುಂಚೆಯೇ ಸೂಚನೆ ಕೊಟ್ಟಿದ್ದ.

ಆರನೆಯ ದಿನ ಮೈತ್ರೇಯಿಯ ಧ್ವನಿಯಲ್ಲಿ ನಗು ಇರಲಿಲ್ಲ.

“ಅಪ್ಪಾ, ಅತ್ತೆಗೆ ಬೆಳಿಗ್ಗೆ ತಲೆ ಸುತ್ತಿತು. ಬರೀ ಹಣ್ಣು ಮಜ್ಜಿಗೆ, ಇನ್ನೇನಾಗತ್ತೆ? ಊಟ ಮಾಡಲೇಬೇಕು ಅಂತ ಡಾಕ್ಟರು ಗದರಿದರು. ಮಂಗಳ ಆಗಲಿ ಅಂತ ಕೂತಿದ್ದಾರೆ. ಇನ್ನೊಂದೇ ದಿನ ಅಲ್ವಾ, ನಾನೂ ಸುಮ್ಮನಾದೆ. ನಾಳೆ ನೀವು ಬರಲೇಬೇಕಂತೆ. ಗ್ರಂಥ ಕೊಟ್ಟವರು ಇಲ್ಲದೆ ಮಂಗಳ ಹೇಗೆ ಅಂತಾರೆ. ಮತ್ತೆ, ನೀವೂ ಉಪವಾಸ ಇರಬೇಕಂತೆ.”

ಎರಡು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳದಿದ್ದರೆ ಕಾಲು ನಡುಗುವ ರಾಯರಿಗೆ ಆ ಕೊನೆಯ ಮಾತು ಕೇಳಿಸಲೇ ಇಲ್ಲ. ಇನ್ನೊಂದೇ ದಿನ! ಅಧ್ಯಾಯವೇ ಮುಗಿಯದಿದ್ದರೆ ಮಂಗಳವೆಲ್ಲಿಂದ? ಮಂಗಳವಿಲ್ಲದಿದ್ದರೆ ಆಕೆ ಊಟ ಮಾಡುವುದೆಂದು?

“ನಿಜ ಹೇಳಿಬಿಡಿ” ಎಂದರು ನಾಗರತ್ನಮ್ಮ.

“ಹೇಳಿದರೆ ಆಕೆ ಊಟ ಮಾಡ್ತಾರೇನೇ? ವ್ರತ ಭಂಗ ಆಯ್ತು ಅಂತ ಮಜ್ಜಿಗೇನೂ ಬಿಟ್ಟಾರು!”

“ಹಾಗಾದರೆ ಒಂದು ದೇವರನಾಮ ಹೇಳಿ ಮುಗಿಸಿಬಿಡಿ.”

ಇದು ರಾಯರಿಗೆ ಒಪ್ಪಿಗೆಯಾಗಿ ಮಗಳಿಗೆ ಫೋನು ಮಾಡಿದರು. ಹತ್ತು ನಿಮಿಷಕ್ಕೆ ಉತ್ತರ ಬಂತು. “ಅತ್ತೆ ಹೇಳಿದ್ರು, ‘ದೇವರನಾಮ ದಿನಾ ಹೇಳ್ತೀವಿ. ಕಳ್ಳ ಸಿಗದೆ ಮಂಗಳ ಎಲ್ಲಿಂದ ಬಂತು?’ ಅಂತ.”

ರಾಯರು ಛತ್ರಿ ಹಿಡಿದು ಬೀದಿಗಿಳಿದರು. ಊರಿನ ಹಳೆಯ ತಲೆಗಳಲ್ಲಿ ಯಾರಾದರೂ ಆ ಪುಸ್ತಕದ ಬೇರೆ ಪ್ರತಿಯನ್ನು ಇಡಿಯಾಗಿ ಓದಿರಬಹುದಲ್ಲ! ಆದರೆ ಛತ್ರಿಯ ತುದಿ ಕಂಡ ಕೂಡಲೇ ಮಠದ ಬೀದಿಯಲ್ಲಿ ಬಾಗಿಲುಗಳು ಹಾಕಿಕೊಂಡವು. ಸುಬ್ರಹ್ಮಣ್ಯರಂತೂ ಕಿಟಕಿಯಿಂದಲೇ, “ನನ್ನ ಕಣ್ಣು ಇನ್ನೂ ವಾಸಿಯಾಗಿಲ್ಲ ರಾಯರೇ!” ಎಂದು ಕೂಗಿದರು. ಪುಸ್ತಕ ಕೈಯಲ್ಲಿಲ್ಲವೆಂದು ರಾಯರು ಎರಡೂ ಅಂಗೈ ಬಿಚ್ಚಿ ತೋರಿಸಿದ ಮೇಲೆ ಹೊರಗೆ ಬಂದು, ಎಲ್ಲ ಕೇಳಿ, “ಆ ಡಾಕ್ಟರೇ ತೆಗೆದಿರಬೇಕು. ನನಗೆ ಮೊದಲಿಂದ ಅನುಮಾನ” ಎಂದರು. ಅಂತೂ ಸುಬ್ರಹ್ಮಣ್ಯ ನಾಲ್ಕು ಅಧ್ಯಾಯಗಳನ್ನು ಗಮನವಿಟ್ಟೇ ಕೇಳಿದ್ದರು! ಬೇರೆ ದಿನವಾಗಿದ್ದರೆ ರಾಯರು ಅವರನ್ನು ಅಪ್ಪಿಕೊಳ್ಳುತ್ತಿದ್ದರು.

ಮರುದಿನ ಒಂದು ರಸಬಾಳೆ ಮಾತ್ರ ತಿಂದು ರಾಯರು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಕಳ್ಳರನ್ನಾಗಿ ಮಾಡಿ ನೋಡಿದರು. ಅಡಿಗೆಯವನೆಂದರೆ ಚಾಮಯ್ಯ. ಪೇದೆಯೆಂದರೆ ಡಿಪಾರ್ಟ್‌ಮೆಂಟ್. ಹಾಲಿನವಳೆಂದರೆ ಬೀದಿಗೆ ಹಾಲಿಲ್ಲ. ಉಳಿದವರು ಡಾಕ್ಟರು, ಜಲಜಮ್ಮನವರನ್ನು ದಿನವೂ ನೋಡಿಕೊಳ್ಳುತ್ತಿರುವವರು. ಯಾರನ್ನೂ ನೋಯಿಸದೆ ಕಳ್ಳತನ ಮಾಡುವವರು ಪ್ರಪಂಚದಲ್ಲಿ ಇಲ್ಲವೇ ಎಂದು ರಾಯರು ಪಕ್ಕದವರಿಗೆ ಕೇಳಿಸುವಂತೆಯೇ ನಿಟ್ಟುಸಿರು ಬಿಟ್ಟರು. ಪಕ್ಕದವರು ತಮ್ಮ ಚೀಲವನ್ನು ಆ ಕಡೆಯ ತೊಡೆಯ ಮೇಲಿಟ್ಟುಕೊಂಡರು.

ಮನೆಯ ಮುಂದೆ ತಳಿರು ಕಟ್ಟಿದ್ದರು. ರಾಯರನ್ನು ಮೇಷ್ಟ್ರ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದರು. ಎದುರು ಜಲಜಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿದ್ದರು. ಮುಖ ಇಳಿದುಹೋಗಿತ್ತು, ತುಟಿ ಒಣಗಿತ್ತು. ಆಕೆಯ ಬಲಗಡೆ ಡಾಕ್ಟರು, ಅವರ ಹಿಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿದ ಸುಬ್ಬಲಕ್ಷ್ಮಮ್ಮ, ಬಾಗಿಲ ಬಳಿ ಚಾಮಯ್ಯ, ಕಂಬಕ್ಕೆ ಒರಗಿ ಯೂನಿಫಾರಂನಲ್ಲೇ ಪ್ರೇಮ್‌ಕುಮಾರ್. ನಾಲ್ವರೂ ರಾಯರಿಗೆ ನಮಸ್ಕಾರ ಮಾಡಿದರು. ನಾಲ್ಕು ನಮಸ್ಕಾರದಲ್ಲೂ ಎಚ್ಚರಿಕೆ ಇತ್ತು.

ಮೇಷ್ಟ್ರು ಏಳನೆಯ ಅಧ್ಯಾಯ ಎತ್ತಿದರು. ಒಬ್ಬರೂ ಕೆಮ್ಮಲಿಲ್ಲ. ವರದರಾಜ ಸೀಬೆಹಣ್ಣಿನ ಕೊನೆಯ ಚೂರು ನುಂಗಿದ. ಎಲ್ಲರನ್ನೂ ಹಜಾರದಲ್ಲಿ ಕೂರಿಸಿದ. ಹಿಂದಿನ ಸಾಲು ಕೈಮುಗಿಯಿತು.

“ಮಹನೀಯರೇ! ಡಾಬನ್ನು ತೆಗೆದ ಕೈ ಇದೇ ಕೋಣೆಯಲ್ಲಿದೆ! ಅದು ಯಾರ ಕೈಯೆಂದರೆ...”

ಮೇಷ್ಟ್ರು ಹಾಳೆ ತಿರುವಿದರು. ಅಲ್ಲಿ ಉಳಿದಿದ್ದುದು ಒಂದೇ ಹಾಳೆ, ಮಂಡಿಯವರೆಗೆ ಜಡೆ ಬಿಟ್ಟ ಹೆಂಗಸೊಬ್ಬಳ ಚಿತ್ರವಿದ್ದ, ತಲೆಗೂದಲಿನ ಎಣ್ಣೆಯ ಜಾಹೀರಾತು. ಮೇಷ್ಟ್ರು ಅದನ್ನು ನೋಡಿದರು. ಆಮೇಲೆ ರಾಯರನ್ನು ನೋಡಿದರು. ಕೂತವರು ಮುಂದಕ್ಕೆ ಬಾಗಿದರು. ಮೇಷ್ಟ್ರು ನಿಧಾನವಾಗಿ ಗಂಟಲು ಸರಿಮಾಡಿಕೊಂಡರು.

“ಇಷ್ಟು ದಿವಸ ನಾನು ಓದಿದೆ. ಮುಕ್ತಾಯ ಮಾತ್ರ ಗ್ರಂಥ ಕೊಟ್ಟವರ ಬಾಯಿಂದಲೇ ಬರಬೇಕು. ಅದು ಕ್ರಮ” ಎಂದು, ಜಾಹೀರಾತಿನ ಮೇಲೆ ಅಂಗೈ ಮರೆಮಾಡಿ, ಪುಸ್ತಕವನ್ನು ರಾಯರ ಮಡಿಲಿಗೆ ದಾಟಿಸಿದರು. ಇದು ದಯೆಯೋ ಸೇಡೋ ರಾಯರಿಗೆ ಆಗ ತಿಳಿಯಲಿಲ್ಲ. ಆದರೆ ಮೇಷ್ಟ್ರು ತಮ್ಮ ಅಗಲವಾದ ಭುಜವನ್ನು ಅಡ್ಡ ತಂದು ಹಾಳೆ ಬೇರೆ ಯಾರಿಗೂ ಕಾಣದಂತೆ ಕೂತರು.

ರಾಯರು ಜಡೆಯ ಹೆಂಗಸನ್ನು ದಿಟ್ಟಿಸುತ್ತ ಓದತೊಡಗಿದರು. “ಯಾರ ಕೈಯೆಂದರೆ... ಕೈಯೆಂದರೆ... ಡಾ...”

ಡಾಕ್ಟರು ಕೆಮ್ಮಿದರು.

“ಡಾಬು ಎಲ್ಲಿದೆ ಎಂದು ಬಲ್ಲ ಕೈ. ಅದು... ಹಾ...”

ಸುಬ್ಬಲಕ್ಷ್ಮಮ್ಮ ಎದ್ದು ನಿಂತಳು.

“ಹಾಗೆ ನೋಡಿದರೆ ಯಾರನ್ನೂ ಅವಸರದಲ್ಲಿ ದೂರಬಾರದು ಎಂದು ವರದರಾಜನು ನುಡಿದನು.”

“ದೊಡ್ಡ ಮಾತು” ಎಂದಿತು ಹಿಂದಿನ ಸಾಲು. ಸುಬ್ಬಲಕ್ಷ್ಮಮ್ಮ ಅರ್ಧ ಕೂತಳು.

“ನುಡಿದು... ನುಡಿದು... ಅತ್ತಿತ್ತ ನೋಡಿದನು. ಮತ್ತೊಮ್ಮೆ ಇತ್ತ ನೋಡಿದನು.”

“ಸಾ, ಎಷ್ಟು ಸಲ ನೋಡ್ತಾನೆ ಸಾ ಅವ್ನು? ಕೈಗೆ ಕೋಳ ಆಕದು ಬುಟ್ಟು!” ಎಂದ ಪ್ರೇಮ್‌ಕುಮಾರ್.

ರಾಯರ ಹಣೆಯಿಂದ ಒಂದು ಹನಿ ಬೆವರು ಜಡೆಯ ಮೇಲೆ ಬಿತ್ತು. ಹೊಟ್ಟೆಯಲ್ಲಿ ರಸಬಾಳೆಯ ನೆನಪೂ ಉಳಿದಿರಲಿಲ್ಲ. ತಲೆ ಎತ್ತಿದರೆ ಎದುರಿಗೆ ಜಲಜಮ್ಮ, ಕಿವಿಯೊಂದನ್ನೇ ಮುಂದೆ ಮಾಡಿ ಕಾಯುತ್ತಿದ್ದರು. ಇನ್ನು ಬಾಯಿ ಬಿಟ್ಟರೆ ‘ಅಮ್ಮಾ, ಕೊನೆಯೇ ಇಲ್ಲ’ ಎಂಬುದೊಂದೇ ಬರುವಂತಿತ್ತು.

ಆ ಹೊತ್ತಿಗೆ ಸರಿಯಾಗಿ ಒಳಗೆ ಮೈತ್ರೇಯಿ, ಮಂಗಳವಾದ ಕೂಡಲೇ ಅತ್ತೆಗೆ ಬಡಿಸಬೇಕೆಂದು, ಕಾದ ತುಪ್ಪಕ್ಕೆ ಇಂಗು ಹಾಕಿದಳು.

ವಾಸನೆ ನಡುಮನೆಗೆ ಬಂತು. ರಘೂತ್ತಮರಾಯರ ಮೂಗಿಗೆ ಬಂತು. ಅಟ್ಟ, ಹುಣಿಸೆಯ ಗಡಿಗೆ, ಡಬ್ಬಿ, ಅಜ್ಜಿ, ಅಜ್ಜಿಯ ಕೈ, ಕೈಯಲ್ಲಿ ಹಾಳೆ. ಹಾಗಾದರೆ ಕಳ್ಳ ಯಾರು?

“ಇಂಗಿನ ಡಬ್ಬಿಯಲ್ಲಿ!” ಎಂದು ರಾಯರು ಕಿರುಚಿದರು.

ಇಡೀ ಮನೆ ಬೆಚ್ಚಿತು. ಆಮೇಲೆ ರಾಯರನ್ನು ಹಿಡಿಯುವವರೇ ಇರಲಿಲ್ಲ. “ಡಾಬು ಎಲ್ಲಿಗೂ ಹೋಗಿಲ್ಲ ಎಂದನು ವರದರಾಜ! ಅದನ್ನು ತೆಗೆದವಳು ಮೂಲೆಯಲ್ಲಿ ಜಪ ಮಾಡುತ್ತಿರುವ ಅಜ್ಜಿ! ಕದಿಯಲಿಕ್ಕಲ್ಲ. ಮದುವೆ ಮನೆ, ಜನ ಹೆಚ್ಚು, ಭದ್ರವಾಗಿರಲೆಂದು ಕಾಗದದಲ್ಲಿ ಸುತ್ತಿ ಇಂಗಿನ ಡಬ್ಬಿಯಲ್ಲಿಟ್ಟಳು. ಇಟ್ಟು ಮರೆತಳು!” ಅವರ ಕಣ್ಣು ಪುಸ್ತಕದ ಮೇಲೇ ಇರಲಿಲ್ಲ. ಆದರೂ ಮೇಷ್ಟ್ರು ಸಮಯ ನೋಡಿಕೊಂಡು ಕೈ ಚಾಚಿ ಆ ಒಂಟಿ ಹಾಳೆಯನ್ನು ಅತ್ತಿಂದಿತ್ತ, ಇತ್ತಿಂದತ್ತ ತಿರುವಿಹಾಕುತ್ತಿದ್ದರು.

ಮೊದಲು ಬಾಯಿಬಿಟ್ಟವನು ಚಾಮಯ್ಯ.

“ತಡೀರಿ ಸೋಮಿ. ಇಂಗಿನ ಡಬ್ಬ ಅಡಿಗೆಯೋನ ಕೈಲೇ ಇರ್ತದೆ. ಮದುವೆ ಅಡಿಗೆ ಅಂದ್ರೆ ಗಳಿಗೆಗೊಂದು ಸಲ ತೆಗೀತಾನೆ. ಡಾಬು ಅವ್ನ ಕಣ್ಣಿಗೆ ಬೀಳ್ದೆ ಎಂಗಿದ್ದಾತು?”

ಸಭೆ ಗುಜುಗುಜು ಎಂದಿತು. ನ್ಯಾಯವಾದ ಪ್ರಶ್ನೆ. ರಾಯರು ಜಡೆಯ ಹೆಂಗಸಿನ ಕಡೆ ನೋಡಿದರು. ಅವಳು ಸಹಾಯ ಮಾಡಲಿಲ್ಲ.

“ಅದರಲ್ಲೇನಿದೆ ಚಾಮಯ್ಯ?” ಎಂದರು ಜಲಜಮ್ಮ. ದಣಿದ ಧ್ವನಿ, ಆದರೆ ಎಲ್ಲರಿಗೂ ಕೇಳಿಸಿತು. “ಅಡಿಗೆಯವನ ಇಂಗು ಬೇರೆ, ಅಜ್ಜಿಯ ಮಡಿ ಇಂಗು ಬೇರೆ. ಆ ಡಬ್ಬಿ ಅಡಿಗೆಯವನು ಮುಟ್ಟೋ ಹಾಗಿದೆಯೇ? ಇನ್ನು ಅಜ್ಜಿಗೋ, ಕಣ್ಣು ಮಂಜು. ಒಡವೆ ಡಬ್ಬಿ ಯಾವುದು, ಇಂಗಿನ ಡಬ್ಬಿ ಯಾವುದು, ಅವಳಿಗೆ ಹೇಗೆ ಗೊತ್ತಾಗಬೇಕು? ಸಂಕಲ್ಪಕ್ಕೆ ಮುಂಚೆ ನಾನು ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕ್ಕೊಂಡು ಕುಡಿದೆ.”

ಹೀಗೆಂದು ಜಲಜಮ್ಮ ನಕ್ಕರು. ಆಪರೇಷನ್ ಆದ ಮೇಲೆ ಆಕೆ ನಕ್ಕದ್ದನ್ನು ಆ ಮನೆ ನೋಡಿದ್ದು ಅದೇ ಮೊದಲು. ಆಕೆ ನಕ್ಕ ಮೇಲೆ ಉಳಿದವರನ್ನು ತಡೆಯುವವರಾರು? ಡಾಕ್ಟರು ನಕ್ಕರು. “ನಂಗೆ ಮೊದ್ಲೇ ಗೊತ್ತಿತ್ತು ಕಣ್ರವ್ವ, ಆಲಿನೋಳು ಅಂತೋಳಲ್ಲ ಅಂತ” ಎಂದು ಸುಬ್ಬಲಕ್ಷ್ಮಮ್ಮ ಪೂರ್ತಿ ಕೂತಳು. ಪ್ರೇಮ್‌ಕುಮಾರ್ ಮಾತ್ರ ಗಂಭೀರವಾಗಿ ಯೋಚಿಸಿ, “ಮರೆವಿಗೆ ಸೆಕ್ಷನ್ ಇಲ್ಲ. ಬುಡಿ ಅಜ್ಜೀನ” ಎಂದು ಕೇಸು ಮುಗಿಸಿದ.

ಮಂಗಳಾರತಿಯ ಗಂಟೆ ನಿಲ್ಲುವ ಮೊದಲೇ ಮೈತ್ರೇಯಿ ಅತ್ತೆಯ ಮುಂದೆ ಎಲೆ ಹಾಕಿದಳು. ಬಿಸಿ ಅನ್ನಕ್ಕೆ ಸಾರು ಕಲಸಿ ಜಲಜಮ್ಮ ಮೊದಲ ತುತ್ತು ಬಾಯಿಗಿಟ್ಟದ್ದನ್ನು ರಾಯರು ಕಂಡರು. ಎರಡನೆಯದನ್ನೂ ಕಂಡರು. ಮೂರನೆಯದನ್ನು ಕಾಣುವಷ್ಟರಲ್ಲಿ ಜನ ಅವರನ್ನು ಮುತ್ತಿಕೊಂಡಿತ್ತು.

“ಸಾ, ಆ ಲಾಸ್ಟ್ ಪೇಜು ಇನ್ನೊಂದು ಸಲ ಓದಿ, ರೆಕಾರ್ಡ್ ಮಾಡ್ಕತೀನಿ” ಎಂದು ಪ್ರೇಮ್‌ಕುಮಾರ್ ಮೊಬೈಲು ಹಿಡಿದ. ರಾಯರು ಪುಸ್ತಕ ಬಚ್ಚಿಡಲು ತಡಕಾಡಿದರು. ಆದರೆ ಮೇಷ್ಟ್ರು ಆಗಲೇ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಿದ್ದರು.

“ಮಂಗಳ ಆದ ಗ್ರಂಥ ಮತ್ತೆ ಬಿಚ್ಚಬಾರದು ಕಣಯ್ಯ.”

“ಅಂಗಾದ್ರೆ ನಮ್ಮೂರ್‌ಗೆ ಕೊಡಿ” ಎಂದರು ಮೂಗೂರಿನವರು. “ನಾವೂ ಸಪ್ತಾಹ ಮಾಡ್ಸ್ತೀವಿ. ಓದೋಕೆ ನಮ್ಮಲ್ಲೂ ಜನ ಅವ್ರೆ.”

ಮೇಷ್ಟ್ರು ರಾಯರ ಮುಖ ನೋಡಿದರು. ಗಂಟನ್ನು ಮೂಗೂರಿನವರ ಕೈಗಿಟ್ಟರು. “ಧಾರಾಳವಾಗಿ ಮಾಡಿಸಿ. ಆದರೆ ಆರೇ ಅಧ್ಯಾಯ ನಿಮ್ಮದು. ಏಳನೇದನ್ನ ರಾಯರೇ ಬಂದು ಓದಬೇಕು. ಬೇರೆಯೋರು ಆ ಪುಟ ತೆಗೆಯೋ ಹಾಗಿಲ್ಲ. ಕ್ರಮ ತಪ್ಪಬಾರದು.”

ಹೀಗೆ ಗುಮಾಸ್ತಗಿರಿಯಿಂದ ನಿವೃತ್ತರಾದ ರಘೂತ್ತಮರಾಯರಿಗೆ ಮತ್ತೊಂದು ಹುದ್ದೆ ಕಾಯಂ ಆಯಿತು. ದಿನ ನಿಶ್ಚಯಿಸುವ ಉತ್ಸಾಹದಲ್ಲಿ ಮೂಗೂರಿನವರು ಅವರನ್ನು ಎರಡೂ ಕಡೆಯಿಂದ ಹಿಡಿದು, “ಬನ್ನಿ ಸೋಮಿ, ಬಸ್‌ಸ್ಟ್ಯಾಂಡ್‌ಗೆ ಬುಡ್ತೀವಿ, ದಾರೀಲಿ ಮಾತಾಡುವ” ಎಂದು ಆಟೋದೊಳಗೆ ತುಂಬಿದರು. ಊಟ ಆಗಿಲ್ಲವೆಂದು ಹೇಳಲು ರಾಯರು ಬಾಯಿ ತೆರೆದರು. ಊಟದ ವಿಷಯ ಬಿಟ್ಟು ಬಾವಿಗೆ ಸೀಬೆಹಣ್ಣು ಬೀಳುವ ಕಡೆ ಎಲ್ಲಿ ನಿಲ್ಲಿಸಿ ಓದಬೇಕೆಂಬುದು ಬಾಯಿಂದ ಬಂತು. ಅವರ ಮಾತಿನ ಮೇಲೇ ಇನ್ನೂ ಮೂವರು ಮಾತಾಡುತ್ತಿದ್ದರು, ಆಟೋ ಗುರುಗುಟ್ಟುತ್ತಿತ್ತು, ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಜಲಜಮ್ಮ ಜಗುಲಿಯಿಂದ ಇಳಿದು ಬಂದರು. ಒಂದು ಕೈ ಗೋಡೆಯ ಮೇಲೆ, ಕಪ್ಪು ಕನ್ನಡಕದ ಮೇಲೆ ಬಿಸಿಲು. ಆಟೋದ ಪಕ್ಕಕ್ಕೆ ಬಂದು, ತಡವಿ ನೋಡಿ ರಾಯರ ಮಡಿಲು ಎಲ್ಲಿದೆಯೆಂದು ತಿಳಿದು, ಅದರ ಮೇಲೊಂದು ಸ್ಟೀಲಿನ ಡಬ್ಬಿ ಇಟ್ಟರು. ಪುಸ್ತಕದ ಮಾತು ಎತ್ತಲಿಲ್ಲ, ಕಳ್ಳನ ಮಾತೂ ಎತ್ತಲಿಲ್ಲ.

“ಬಿಸಿ ಇದೆ ಬೀಗರೇ, ಜೋಪಾನ” ಎಂದು ಹಿಂದಕ್ಕೆ ಸರಿದರು.

ಮುಚ್ಚಳದ ಸಂದಿಯಿಂದ ಇಂಗಿನ ವಾಸನೆ ಬಂತು. ರಾಯರ ಬಾಯಲ್ಲಿ ನೀರೂರಿತು.